ಮೊಂಡುಮೂತಿ ಮರಿ ತರುವ ಮುಂಚೆ ಒಂದು ಮಾತು

ತಮ್ಮಾ, ಪಗ್ ಮರಿ ತರುತ್ತೀಯಂತೆ. ಫೋಟೊ ನೋಡಿ ಆಯಿತು, ರೇಟು ಕೇಳಿ ಆಯಿತು, ಹೆಸರೂ ಇಟ್ಟು ಆಯಿತು. ಮುಂಗಡ ಕಳಿಸುವುದೊಂದು ಬಾಕಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ನಿನ್ನ ಅವಸರ ನನಗೆ ಹೊಸದಲ್ಲ. ನಾಯಿ ಸಾಕುವ ಮನಸ್ಸು ಒಳ್ಳೆಯದೇ. ಮನೆಯಲ್ಲಿ ಒಂದು ಮೂಕ ಜೀವ ಇದ್ದರೆ ಮನುಷ್ಯ ಮೆತ್ತಗಾಗುತ್ತಾನೆ. ಆದರೆ ಯಾವ ನಾಯಿ, ಯಾವ ಊರಿಗೆ ಎಂದು ಕೇಳದೆ ತಂದರೆ ಆಸೆ ನಿನ್ನದು, ಕಷ್ಟ ಅದರದ್ದು.

ದನದ ದವಾಖಾನೆಯಲ್ಲಿ ದುಡಿದು ತಲೆ ಬೆಳ್ಳಗಾದವನು ನಾನು. ದೇವದುರ್ಗ, ಮಾನ್ವಿ, ರಾಯಚೂರು ಅಂತ ವರ್ಗವಾದಲ್ಲೆಲ್ಲ ಎತ್ತು, ಎಮ್ಮೆ, ಕುರಿಗಳ ನಡುವೆ ನಾಯಿಗಳನ್ನೂ ಹಿಡಿದು ಸೂಜಿ ಹಾಕಿಸಿದ್ದೇನೆ. ಮೊದಮೊದಲು ಬರುತ್ತಿದ್ದದ್ದು ಕುರಿಗಾರರ ನಾಯಿ, ಹೊಲದ ನಾಯಿ, ಓಣಿಯ ನಾಯಿ. ಆಮೇಲೆ ಬಿಳಿ ಕೂದಲಿನ ಸ್ಪಿಟ್ಜ್ ಬಂದವು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದಲ್ಲಿ ಟಫಿ ಅನ್ನುವ ನಾಯಿ ಓಡಾಡಿದ್ದೇ ಓಡಾಡಿದ್ದು, ಊರೂರಲ್ಲೂ ಟಫಿಗಳು ಹುಟ್ಟಿಕೊಂಡವು. 2003ರಲ್ಲಿ ಹಚ್ ಕಂಪನಿಯ ಜಾಹೀರಾತು ಬಂತು. ಸಣ್ಣ ಹುಡುಗನೊಬ್ಬ ಎಲ್ಲಿಗೆ ಹೋದರೂ ಬೆನ್ನು ಬಿಡದ ಪುಟ್ಟ ಪಗ್. ಆವತ್ತಿನಿಂದ ಪಗ್ ಹುಚ್ಚು. 2022ರಲ್ಲಿ ‘777 ಚಾರ್ಲಿ’ ನೋಡಿ ಬಂದವರು ಲ್ಯಾಬ್ರಡಾರ್ ಹುಡುಕಿದರು. ಆ ಸಿನಿಮಾ ನೋಡಿ ನೀನೂ ಅತ್ತಿದ್ದೀ. ಚಾರ್ಲಿಗೆ ಆ ರೋಗ ಬಂದದ್ದು ಯಾಕೆ ಅಂತ ಅದರಲ್ಲೇ ಹೇಳಿದ್ದಾರೆ: ದುಡ್ಡಿನಾಸೆಗೆ ರಕ್ತಸಂಬಂಧದೊಳಗೇ ಮರಿ ಮಾಡಿಸುವ ಧಂದೆ. ಅಳುವುದು ಸುಲಭ, ಆ ಮಾತು ನೆನಪಿಟ್ಟುಕೊಳ್ಳುವುದು ಕಷ್ಟ.

ಜಾಹೀರಾತಿನ ಆ ನಾಯಿ ಹುಡುಗನ ಹಿಂದೆ ಹೋಯಿತು, ನಿಜ. ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅದು ನಿನ್ನ ಹಿಂದೆ ಮಸರಕಲ್ ಬಸ್ ನಿಲ್ದಾಣದಿಂದ ಮನೆಯ ತನಕವೂ ಬರಲಾರದು. ಬಂದರೆ ಪ್ರಾಣಕ್ಕೇ ಕುತ್ತು. ಹೆದರಿಸಲಿಕ್ಕೆ ಹೇಳುತ್ತಿಲ್ಲ, ಅದರ ಮೂಗಿನೊಳಗೆ ಏನಿದೆ ಅಂತ ಕೇಳು, ನಿನಗೇ ತಿಳಿಯುತ್ತದೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಒಂದಿಷ್ಟು ಬೆವರುತ್ತದೆ, ಅದು ಲೆಕ್ಕಕ್ಕಿಲ್ಲ. ಮೈಬಿಸಿ ಇಳಿಸಿಕೊಳ್ಳಲು ಅದಕ್ಕಿರುವ ದಾರಿ ಏದುವುದು. ನಾಲಿಗೆಯ ಮೇಲೆ, ಮೂಗಿನೊಳಗಿನ ತೇವದ ಮೇಲೆ ಗಾಳಿ ಹಾಯಬೇಕು, ತೇವ ಆರಬೇಕು, ಆಗ ರಕ್ತ ತಂಪಾಗಬೇಕು. ಅದಕ್ಕೇ ದೇವರು ನಾಯಿಗೆ ಉದ್ದ ಮೂತಿ ಕೊಟ್ಟ. ಪಗ್ಗಿಗೆ ಆ ಮೂತಿಯನ್ನು ಮನುಷ್ಯ ಕಿತ್ತುಕೊಂಡ. ಚೀನಾದ ಅರಮನೆಗಳಲ್ಲಿ ಮಡಿಲಿನ ನಾಯಿಯಾಗಿ ಬೆಳೆದು, ಹಡಗು ಹತ್ತಿ ಯುರೋಪಿಗೆ ಹೋಗಿ, ಅಲ್ಲಿ ಪ್ರದರ್ಶನದ ಬಹುಮಾನಕ್ಕಾಗಿ ತಲೆಮಾರಿನಿಂದ ತಲೆಮಾರಿಗೆ ಮುಖ ಚಪ್ಪಟೆಯಾಗುತ್ತಾ ಬಂತು. ಎಲುಬು ಮೊಟಕಾಯಿತು, ಒಳಗಿನ ಮಾಂಸ ಮಾತ್ರ ಮೊಟಕಾಗಲಿಲ್ಲ. ಇಬ್ಬರು ಹೊದೆಯುವ ಕೌದಿಯನ್ನು ಕೂಸಿನ ತೊಟ್ಟಿಲಿಗೆ ತುರುಕಿದ ಹಾಗೆ, ಉದ್ದ ಮೂತಿಗೆ ಬೇಕಾದ ಮಾಂಸವೆಲ್ಲ ಆ ಗೇಣುದ್ದವೂ ಇಲ್ಲದ ತಲೆಯೊಳಗೆ ತುಂಬಿಕೊಂಡಿದೆ. ಮೂಗಿನ ಹೊಳ್ಳೆ ಕಿರಿದಾಗಿ ಗೀರಿನಂತಿರುತ್ತದೆ. ಅಂಗುಳಿನ ಹಿಂದಿನ ಮೆತ್ತನೆಯ ಭಾಗ ಉದ್ದವಾಗಿ ಗಂಟಲಿಗೆ ಇಳಿಬಿದ್ದಿರುತ್ತದೆ. ನಾಲಿಗೆ ದಪ್ಪ. ಕೆಲವಕ್ಕೆ ಶ್ವಾಸನಾಳವೇ ಸಣ್ಣ. ಪ್ರತಿ ಉಸಿರನ್ನೂ ಅದು ಬಲ ಹಾಕಿ ಎಳೆದುಕೊಳ್ಳಬೇಕು. ವರ್ಷಗಟ್ಟಲೆ ಹಾಗೆ ಎಳೆದು ಎಳೆದು ಧ್ವನಿಪೆಟ್ಟಿಗೆಯ ಪಕ್ಕದ ಪದರಗಳು ಒಳಗೆ ಮಗುಚಿಕೊಂಡು ಇದ್ದ ದಾರಿಯನ್ನೂ ಮುಚ್ಚುತ್ತವೆ. ಕೊನೆಗೆ ಧ್ವನಿಪೆಟ್ಟಿಗೆಯೇ ಕುಸಿಯುತ್ತದೆ.

ಈಗ ನೀನು ಮೊಬೈಲಿನಲ್ಲಿ ತೋರಿಸಿದ ವಿಡಿಯೊ ನೆನಪು ಮಾಡಿಕೋ. ಸೋಫಾದ ಮೇಲೆ ಪಗ್ ಕುಂತಲ್ಲೇ ತೂಕಡಿಸುತ್ತದೆ, ಗದ್ದ ಮೇಲೆತ್ತಿ ದಿಂಬಿಗೆ ಆನಿಸಿ ಗೊರ್ ಗೊರ್ ಅನ್ನುತ್ತದೆ. "ಎಷ್ಟ್ ಚಂದ ಗೊರಕಿ ಹೊಡಿತದ ನೋಡಜ್ಜ" ಅಂದೆ. ಅದು ಚಂದಕ್ಕೆ ಮಾಡುವ ಸದ್ದಲ್ಲವೋ. ಮಲಗಿದರೆ ಗಂಟಲು ಮುಚ್ಚುತ್ತದೆ, ಅದಕ್ಕೇ ತಲೆ ಎತ್ತಿ ಕುಂತೇ ನಿದ್ದೆ ಮಾಡುತ್ತದೆ. ಕೆಲವು ಬಾಯಲ್ಲಿ ಚೆಂಡೋ ಬೊಂಬೆಯೋ ಕಚ್ಚಿಕೊಂಡು ಮಲಗುತ್ತವೆ. ಬಾಯಿ ತೆರೆದೇ ಇರಲಿ ಅಂತ. ಆಟಿಕೆಯ ಮೇಲಿನ ಪ್ರೀತಿ ಅಂತ ನೀವು ಫೋಟೊ ಹಾಕುತ್ತೀರಿ. ಉಂಡದ್ದನ್ನು ಪದೇ ಪದೇ ಕಕ್ಕುವುದು, ನೊರೆ ನೊರೆ ಉಗುಳುವುದೂ ಇದರದೇ ಭಾಗ. ಉಸಿರು ಎಳೆಯುವ ರಭಸಕ್ಕೆ ಹೊಟ್ಟೆಯೊಳಗಿದ್ದದ್ದು ಮೇಲೆ ಬರುತ್ತದೆ.

ಬಿಸಿಲಿನ ಮಾತಿಗೆ ಬರುತ್ತೇನೆ. ಇದನ್ನು ಗಮನವಿಟ್ಟು ಓದು.

ಒಂದು ಮೇ ತಿಂಗಳ ಮಧ್ಯಾಹ್ನ ನಿನ್ನಷ್ಟೇ ವಯಸ್ಸಿನ ಹುಡುಗನೊಬ್ಬ ಕಾರಿನಿಂದ ಪಗ್ ಎತ್ತಿಕೊಂಡು ಓಡಿ ಬಂದ. ದಾರಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನಲಿಕ್ಕೆ ನಿಲ್ಲಿಸಿದ್ದರಂತೆ. "ಹತ್ತ ನಿಮಿಷ ಅಷ್ಟರಿ, ಕಿಟಕಿ ಒಂದೀಟು ಇಳಿಸಿದ್ದೆರಿ" ಅನ್ನುತ್ತಾ ನಡುಗುತ್ತಿದ್ದ. ನಾಯಿಯ ಕಾಲು ನಾಲ್ಕೂ ಸೋತು ಜೋತುಬಿದ್ದಿದ್ದವು. ನಾಲಿಗೆ ಹೊರಗೆ ಬಿದ್ದು ದಪ್ಪಗಾಗಿತ್ತು. ಅಂಚು ಕಡುಗೆಂಪು, ನಡುವೆ ನೀಲಿ. ಜೊಲ್ಲು ಅಂಟಂಟಾಗಿ ಎಳೆ ಬರುತ್ತಿತ್ತು. ಏದುತ್ತಿತ್ತು, ಆದರೆ ಒಳಗೆ ಗಾಳಿ ಹೋಗುತ್ತಿರಲಿಲ್ಲ, ಬರೀ ಕರ್ಕಶ ಸದ್ದು. ಥರ್ಮಾಮೀಟರ್ ಇಟ್ಟರೆ 107 ದಾಟಿತು. ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದದ್ದು. ನೀರು ಸುರಿದೆವು, ಫ್ಯಾನ್ ಹಚ್ಚಿದೆವು, ಡಾಕ್ಟರು ಸಲಾಯಿನ್ ಏರಿಸಿದರು. ಸಂಜೆಗೆ ಕಣ್ಣು ಬಿಟ್ಟು ಹುಡುಗನ ಕೈ ನೆಕ್ಕಿತು. ಬದುಕಿತು ಅಂದುಕೊಂಡೆವು. ಬೆಳಗಿನ ಜಾವ ರಕ್ತಭೇದಿ ಶುರುವಾಗಿ ಹೋಗಿಬಿಟ್ಟಿತು. ಬಿಸಿ ಇಳಿದರೂ ಒಳಗೆ ಕರುಳು, ಮೂತ್ರಪಿಂಡ, ರಕ್ತ ಎಲ್ಲ ಕೆಟ್ಟಿರುತ್ತವೆ, ಅದಕ್ಕೆ. ಆ ಹುಡುಗ ಕೆಟ್ಟವನಲ್ಲ. ಮನೆಯಲ್ಲಿ ಅದನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಳ್ಳುತ್ತಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ. ನಿನಗೆ ನಾನು ಹೇಳುತ್ತಿದ್ದೇನೆ.

ಪಗ್ ಇರಲಿ, ಬುಲ್‌ಡಾಗ್ ಇರಲಿ, ಶಿಟ್ಜು, ಪೆಕಿನೀಸ್ ಇರಲಿ, ಮೊಂಡುಮೂತಿಯದು ಯಾವುದೇ ಇರಲಿ, ನಿಲ್ಲಿಸಿದ ಕಾರಿನಲ್ಲಿ ಅರೆಗಳಿಗೆಯೂ ಬಿಡಬೇಡ. ನೆರಳಲ್ಲಿ ನಿಲ್ಲಿಸಿದೆ, ಕಿಟಕಿ ಇಳಿಸಿದೆ ಅನ್ನುವ ಸಬೂಬು ನಮ್ಮ ಜಿಲ್ಲೆಯ ಬಿಸಿಲಿಗೆ ತಿಳಿಯುವುದಿಲ್ಲ. ಯುಗಾದಿಯಿಂದ ಮೃಗಶಿರ ಮಳೆ ಬೀಳುವ ತನಕ ಅದರ ತಿರುಗಾಟ ಸೂರ್ಯ ಹುಟ್ಟುವ ಮುಂಚೆ, ಇಲ್ಲವೇ ರಾತ್ರಿ ಊಟವಾದ ಮೇಲೆ. ಸಂಜೆ ಆರಕ್ಕೆ ಬಿಸಿಲು ಇಳಿಯಿತು ಅಂತ ಡಾಂಬರು ರಸ್ತೆಗೆ ಇಳಿಸಬೇಡ. ಅಂಗೈ ಹಿಂಭಾಗವನ್ನು ರಸ್ತೆಯ ಮೇಲೆ ಇಟ್ಟು ನೋಡು. ಏಳೆಂಟು ಎಣಿಸುವ ತನಕ ಇಡಲಿಕ್ಕಾಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಮಳೆ ಬಿತ್ತು, ಇನ್ನು ಚಿಂತೆಯಿಲ್ಲ ಅಂತಲೂ ತಿಳಿಯಬೇಡ. ಮಳೆ ಬಿಟ್ಟ ಮೇಲಿನ ಸೆಕೆ ಇನ್ನೂ ಕೆಟ್ಟದ್ದು. ಗಾಳಿಯಲ್ಲೇ ಹಸಿ ತುಂಬಿದಾಗ ನಾಲಿಗೆಯ ತೇವ ಆರುವುದಿಲ್ಲ, ಏದಿದರೂ ಮೈ ತಣಿಯುವುದಿಲ್ಲ.

ನಿಮ್ಮಜ್ಜಿ ಕಾಲದ ಮಣ್ಣಿನ ಮಾಳಿಗೆ ಮನೆ ಇನ್ನೂ ಇದ್ದರೆ ಬೇಸಿಗೆಯ ಹಗಲು ಅದನ್ನು ಅಲ್ಲೇ ಇಡು. ಮೇಲೆ ಮಣ್ಣು, ಕೆಳಗೆ ಕಲ್ಲುಹಾಸು, ದಪ್ಪ ಗೋಡೆ. ಒಳಗೆ ಹೊರಗಿನಷ್ಟು ಕಾವಿರುವುದಿಲ್ಲ. ನೀನು ಕಟ್ಟಿಸಿದ ಆರ್‌ಸಿಸಿ ಮನೆ ಹಗಲು ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಕಕ್ಕುತ್ತದೆ. ತಗಡಿನ ಶೆಡ್ಡಿನ ಮಾತಂತೂ ಎತ್ತಲೇಬೇಡ. ಕೂಲರ್ ಇದೆ ಅನ್ನುತ್ತೀ. ಕರೆಂಟು ಹೋದಾಗ? ಒದ್ದೆ ತಟ್ಟು ಹಾಸಿ ಅದರ ಮೇಲೆ ಮಲಗಿಸು, ಮಣ್ಣಿನ ಅಗಲ ಪಾತ್ರೆಯಲ್ಲಿ ನೀರಿಡು, ಮನೆಯಲ್ಲಿ ಒಬ್ಬರು ಇರಲೇಬೇಕು. ಬೆಳಿಗ್ಗೆ ಎಲ್ಲರೂ ಹೊಲಕ್ಕೋ ಆಫೀಸಿಗೋ ಹೋಗಿ ಸಂಜೆ ಬರುವ ಮನೆ ಇದಕ್ಕೆ ತಕ್ಕದ್ದಲ್ಲ.

ಆದರೂ ಬಿಸಿಲು ಬಡಿಯಿತು ಅನ್ನು. ಏದುವ ಸದ್ದು ದೊಡ್ಡದಾಗುತ್ತದೆ, ತೂರಾಡುತ್ತದೆ, ವಸಡು ಕೆಂಪಗಾಗಿ ಆಮೇಲೆ ನೀಲಿಗೆ ತಿರುಗುತ್ತದೆ. ಡಾಕ್ಟರ ಹತ್ತಿರ ಓಡುವ ಮುಂಚೆ ಮೊದಲು ತಣಿಸು. ನಲ್ಲಿಯ ನೀರನ್ನೇ ಹೊಟ್ಟೆ, ತೊಡೆಸಂದಿ, ಕಂಕುಳು, ಪಾದಗಳ ಮೇಲೆ ಧಾರಾಳವಾಗಿ ಸುರಿ, ಜೊತೆಗೆ ಜೋರಾಗಿ ಗಾಳಿ ಹಾಕು. ಮುಖದ ಮೇಲೆ ಸುರಿಯಬೇಡ. ಚಪ್ಪಟೆ ಮೂಗಿನೊಳಗೆ ನೀರು ಹೋದರೆ ಇನ್ನೊಂದು ಆಪತ್ತು. ಒದ್ದೆ ಟವೆಲ್ ಸುತ್ತಿ ಮುಚ್ಚಿಡಬೇಡ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ಇದ್ದರೆ ಗುಟುಕು ಗುಟುಕು ಕುಡಿಯಲಿ, ಬಾಯಿ ಬಿಡಿಸಿ ಹೊಯ್ಯಬೇಡ. ಆಮೇಲೆ ಕಿಟಕಿ ತೆರೆದೋ ಏಸಿ ಹಾಕಿಯೋ ಡಾಕ್ಟರ ಹತ್ತಿರ ಕರೆದೊಯ್ಯಿ. ಎದ್ದು ಓಡಾಡಿತು, ಬಾಲ ಅಲ್ಲಾಡಿಸಿತು ಅಂತ ಅರ್ಧ ದಾರಿಯಿಂದ ಮನೆಗೆ ತಿರುಗಬೇಡ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಇದೆಲ್ಲ ಹಳ್ಳಿ ಮುದುಕನ ಪುಕ್ಕಲುತನ ಅನ್ನಿಸಿತೇನು? ಇಂಗ್ಲೆಂಡಿನಂಥ ತಣ್ಣನೆಯ ದೇಶದ ಮಾತನ್ನೇ ಕೇಳು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2022ರಲ್ಲಿ ಪಗ್ಗುಗಳನ್ನು ಬೇರೆ ನಾಯಿಗಳ ಜೊತೆ ಇಟ್ಟು ಲೆಕ್ಕ ಹಾಕಿದರು. ಒಂದು ವರ್ಷದಲ್ಲಿ ಏನಾದರೊಂದು ಕಾಯಿಲೆ ಕಾಣಿಸಿಕೊಳ್ಳುವ ಸಂಭವ ಪಗ್ಗಿಗೆ ಸುಮಾರು 1.9 ಪಟ್ಟು ಹೆಚ್ಚು. ಮೊಂಡುಮೂತಿಯ ಉಸಿರುಕಟ್ಟುವ ಕಾಯಿಲೆಯಂತೂ 54 ಪಟ್ಟು ಹತ್ತಿರ. ಆರೋಗ್ಯದ ದೃಷ್ಟಿಯಿಂದ ಪಗ್ಗನ್ನು ಮಾಮೂಲಿ ನಾಯಿ ಅಂತ ಎಣಿಸಲಿಕ್ಕೆ ಬರುವುದಿಲ್ಲ ಎಂದು ಅವರೇ ಹೇಳಿದರು. ಅದೇ ವರ್ಷ ಅದೇ ಕಾಲೇಜು ಲೆಕ್ಕ ಹಾಕಿದ ಸರಾಸರಿ ಆಯುಷ್ಯದಲ್ಲಿ ಪಗ್ಗಿಗೆ ಸಿಕ್ಕಿದ್ದು 7.65 ವರ್ಷ, ಇಂಗ್ಲಿಷ್ ಬುಲ್‌ಡಾಗಿಗೆ 7.39. ನೆದರ್ಲೆಂಡ್ಸ್ ಸರ್ಕಾರವಂತೂ 2019ರಿಂದ, ಮೂತಿಯ ಉದ್ದ ತಲೆಬುರುಡೆಯ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಆ ನಾಯಿಯಿಂದ ಮರಿ ಮಾಡಿಸಕೂಡದು ಅಂತ ಕಟ್ಟುನಿಟ್ಟು ಮಾಡಿದೆ. ಅಲ್ಲಿ ಹಿಮ ಬೀಳುತ್ತದೆ ತಮ್ಮಾ. ಇಲ್ಲಿ ಬೆಂಕಿ ಬೀಳುತ್ತದೆ.

ತಂದೇ ತರುತ್ತೇನೆ ಅನ್ನುವ ಹಟ ನಿನ್ನದಾದರೆ, ಇಲ್ಲಾ ಈಗಾಗಲೇ ಯಾರದೋ ಮನೆಯವರು ಸಾಕಲಾಗದೆ ಬಿಟ್ಟ ಪಗ್ಗನ್ನು ನೀನು ಕೈಗೆತ್ತಿಕೊಂಡಿದ್ದರೆ (ಹಾಗೆ ಮಾಡಿದ್ದರೆ ನಿನ್ನ ಬೆನ್ನು ತಟ್ಟುತ್ತೇನೆ), ನೋಡಿಕೊಳ್ಳುವ ರೀತಿ ಕಲಿ.

ಮೊದಲು ಅದರ ಉಸಿರು ಕೇಳು. ತಂಪು ಹೊತ್ತಿನಲ್ಲಿ ಮೂರು ನಿಮಿಷ ಚುರುಕಾಗಿ ನಡೆಸಿ ಎದೆಗೂ ಗಂಟಲಿಗೂ ಕಿವಿಯಿಡು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ರೂಪಿಸಿದ ಪರೀಕ್ಷೆಯ ತಿರುಳೂ ಇಷ್ಟೇ. ಅವರು ಸ್ಟೆತಸ್ಕೋಪ್ ಇಟ್ಟು ಸೊನ್ನೆಯಿಂದ ಮೂರರ ತನಕ ದರ್ಜೆ ಕೊಡುತ್ತಾರೆ. ನಡೆಯುವ ಮುಂಚೆ ಇಲ್ಲದ ಗೊರಗೊರ ನಡೆದ ಮೇಲೆ ಬಂದರೆ, ನಡುವೆ ಕುಂತುಬಿಟ್ಟರೆ, ಸುಧಾರಿಸಿಕೊಳ್ಳಲಿಕ್ಕೆ ಬಹಳ ಹೊತ್ತು ಹಿಡಿದರೆ ಡಾಕ್ಟರಿಗೆ ತೋರಿಸಬೇಕು. ಹೊಳ್ಳೆ ಅಗಲ ಮಾಡುವ, ಇಳಿಬಿದ್ದ ಅಂಗುಳನ್ನು ಕತ್ತರಿಸುವ ಆಪರೇಷನ್ ಇದೆ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಅನುಕೂಲ ಹೆಚ್ಚು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಅದನ್ನು ಕೇಳಬೇಡ. ಬೀದರಿನ ಪಶುವೈದ್ಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು, ಇಲ್ಲವೇ ನಮಗೆ ಹತ್ತಿರದ ಹೈದರಾಬಾದು. ಯಾವ ಆಪರೇಷನ್ನೇ ಇರಲಿ, ಈ ನಾಯಿಗೆ ಮತ್ತು ಕೊಡುವುದೂ ಮತ್ತಿನಿಂದ ಏಳಿಸುವುದೂ ಸೂಕ್ಷ್ಮದ ಕೆಲಸ. ಗಂಟಲ ಕೊಳವೆ ತೆಗೆದ ಮೇಲೆ ಪೂರ್ತಿ ಎಚ್ಚರ ಆಗುವ ತನಕ ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಕೊರಳ ಪಟ್ಟಿಯನ್ನು ಈವತ್ತೇ ಬಿಚ್ಚಿ ಎದೆಗೆ ಹಾಕುವ ಹಾರ್ನೆಸ್ ತಾ. ಮೊದಲೇ ಇಕ್ಕಟ್ಟಾದ ಗಂಟಲನ್ನು ನೀನೂ ಹಗ್ಗ ಹಾಕಿ ಎಳೆಯಬೇಡ.

ಇನ್ನು ಊಟ. ಇಲ್ಲಿ ನಿನಗಿಂತ ನಿಮ್ಮವ್ವನಿಗೇ ಬುದ್ಧಿ ಹೇಳಬೇಕು, ಆದರೆ ಆಕೆ ನನ್ನ ಮಾತು ಕೇಳುವವಳಲ್ಲ, ನೀನೇ ಹೇಳು. ದೊಡ್ಡ ಪಗ್ಗಿನ ತೂಕ ಆರೂಕಾಲು ಕೆ.ಜಿ.ಯಿಂದ ಎಂಟು ಕೆ.ಜಿ.ಯೊಳಗೆ ಇರಬೇಕು. ನಮ್ಮಲ್ಲಿ ಸಿಗುವುದೆಲ್ಲ ಹತ್ತು, ಹನ್ನೆರಡು. ಆ ಮುಖ ನೋಡಿದರೆ ಹಸಿದ ಹಾಗೆ ಕಾಣುತ್ತದೆ, ಕಣ್ಣು ಪಿಳಿಪಿಳಿ ಬಿಟ್ಟರೆ ಅಜ್ಜಿಯ ಕೈಯಿಂದ ತುಪ್ಪ ಸವರಿದ ರೊಟ್ಟಿ ಇಳಿಯುತ್ತದೆ, ಅಜ್ಜನ ಕೈಯಿಂದ ಬಿಸ್ಕೀಟು, ಪಕ್ಕದ ಮನೆಯ ಕೂಸಿನ ಕೈಯಿಂದ ಇನ್ನೊಂದು. ಬೊಜ್ಜು ಕೊರಳೊಳಗೂ ಎದೆಯ ಸುತ್ತಲೂ ಕೂತು ಇದ್ದಷ್ಟು ಉಸಿರನ್ನೂ ಅದುಮುತ್ತದೆ. ಔಷಧಿಯಿಲ್ಲದೆ, ದುಡ್ಡಿಲ್ಲದೆ ನೀನು ಅದಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಅದನ್ನು ತೆಳ್ಳಗೆ ಇಡುವುದು. ಪಕ್ಕೆಯ ಮೇಲೆ ಕೈ ಆಡಿಸಿದರೆ ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಒಗ್ಗರಣಿ ಮಂಡಾಳಿನ ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ವಿಷ. ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡವೇ ಬೇಡ. ಖಾರದ ಸಾರು ಕಲಸಿದ ಅನ್ನ ಹಾಕುವ ಚಾಳಿಯನ್ನೂ ಬಿಡಿಸು.

ಮುಖದ ಮಡಿಕೆಯನ್ನು ಬಿಡಿಸಿ ನೋಡಿದ್ದೀಯಾ? ಬಹಳ ಜನ ನೋಡುವುದಿಲ್ಲ. ಮೂಗಿನ ಮೇಲಿನ ಆ ಮಡಿಕೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತು. ಒಳಗಿನ ಚರ್ಮ ತಿಳಿಗುಲಾಬಿ ಬಣ್ಣಕ್ಕಿದ್ದು ಒಣಗಿದ್ದರೆ ಚಿಂತೆಯಿಲ್ಲ. ಕೆಂಪಾಗಿ, ಜಿನುಗಿ, ಕಂದು ಬಣ್ಣದ ಅಂಟು ಕೂತು ಹುಳಿ ವಾಸನೆ ಹೊಡೆದರೆ ಅಲ್ಲಿ ಸೋಂಕು ಮನೆ ಮಾಡಿದೆ. ಕಣ್ಣೀರು ಇಳಿದು ಅಲ್ಲೇ ನಿಲ್ಲುತ್ತದೆ, ಉಂಡ ಅನ್ನದ ಅಗುಳು ಸೇರುತ್ತದೆ, ನಮ್ಮ ಸೆಕೆಯಲ್ಲಿ ಬೂಷ್ಟು ಬೆಳೆಯಲಿಕ್ಕೆ ಇನ್ನೇನು ಬೇಕು. ಹಳೇ ಧೋತರದ ಮೆತ್ತನೆ ಅರಿವೆಯನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿ, ಹಿಂಡಿ, ಬೆರಳಿಗೆ ಸುತ್ತಿ ಮಡಿಕೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒರೆಸು. ಆಮೇಲೆ ಒಣ ಅರಿವೆಯಲ್ಲಿ ಇನ್ನೊಮ್ಮೆ. ಒಣಗಿಸುವುದೇ ಮುಖ್ಯ; ಒದ್ದೆ ಮಾಡಿ ಬಿಟ್ಟರೆ ಮಾಡದಿರುವುದೇ ಮೇಲು. ಪೌಡರು, ಅರಿಶಿನ, ಕೊಬ್ಬರಿ ಎಣ್ಣೆ ತುಂಬಬೇಡ. ದಿನಾ ಮಾಡು. ನೀನು ಹಲ್ಲುಜ್ಜುವ ಹೊತ್ತಿಗೇ ಅದಕ್ಕೂ ಮಾಡಿದರೆ ಮರೆಯುವುದಿಲ್ಲ. ಬಾಲದ ಸುರುಳಿಯ ಕೆಳಗೂ ಹಾಗೇ ನೋಡು.

ಕಣ್ಣಿನ ವಿಷಯದಲ್ಲಿ ನನಗೆ ಬಹಳ ಸಂಕಟ. ಪಗ್ಗಿನ ಕಣ್ಣುಗೂಡು ಆಳವಿಲ್ಲ. ಗುಡ್ಡೆ ಮುಂದಕ್ಕೆ ಉಬ್ಬಿರುತ್ತದೆ, ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕೆಲವು ಕಣ್ಣು ಅರೆ ತೆರೆದೇ ಮಲಗುತ್ತವೆ. ಉದ್ದ ಮೂತಿಯ ನಾಯಿ ಪೊದೆಗೆ ನುಗ್ಗಿದರೆ ಮೊದಲು ಮೂಗು ತಾಕುತ್ತದೆ. ಇದಕ್ಕೆ ಮೊದಲು ತಾಕುವುದೇ ಕಣ್ಣು. ನಮ್ಮ ಕಡೆಯ ಬದುವಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಹೊಲದಲ್ಲಿ ಹತ್ತಿ ಕಟಿಗಿ, ಕಣದಲ್ಲಿ ತೊಗರಿ ಹೊಟ್ಟು, ದಾರಿ ತುಂಬ ಧೂಳು. ಗುಡ್ಡೆಯ ಮೇಲೆ ಗೀರಾದರೆ ಒಂದೆರಡು ದಿನದಲ್ಲಿ ಹುಣ್ಣಾಗಿ ತೂತೇ ಬೀಳಬಹುದು. ಒಂದು ಕಣ್ಣು ಕಿರಿದು ಮಾಡಿತು, ನೀರು ಸುರಿಸಿತು, ಗುಡ್ಡೆಯ ಮೇಲೆ ನೀಲಿ ಮಬ್ಬು ಕಂಡಿತು ಅಂದರೆ ಅವತ್ತೇ ಡಾಕ್ಟರು. ನಾಳೆ ಸಂತೆಗೆ ಹೋದಾಗ ತೋರಿಸೋಣ ಅನ್ನಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ಮನುಷ್ಯರ ಕಣ್ಣಿನ ಹನಿ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ಮಾಯುವುದಿರಲಿ, ಕರಗಿ ಒಳಗಿಳಿಯುತ್ತದೆ. ಕೊರಳ ಹಿಂದಿನ ತೊಗಲು ಹಿಡಿದು ಎತ್ತುವುದೂ ಬೇಡ. ಓಣಿಯ ನಾಯಿ ಕಚ್ಚಿ ಜಗ್ಗಾಡಿದಾಗ ಪಗ್ಗಿನ ಗುಡ್ಡೆ ಹೊರಗೇ ಬಂದದ್ದನ್ನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಒಳಗೆ ತಳ್ಳಬೇಡ. ಶುದ್ಧ ಸಲಾಯಿನ್ ನೀರಲ್ಲಿ ನೆನೆಸಿದ ಅರಿವೆಯನ್ನು ಅದರ ಮೇಲಿಟ್ಟು, ತೇವ ಆರಲು ಬಿಡದೆ, ಗಾಡಿ ಹತ್ತು.

ಹಲ್ಲು, ಬೆನ್ನು ಇವನ್ನೂ ಹೇಳಿಬಿಡುತ್ತೇನೆ. ಎಲ್ಲ ನಾಯಿಗಳಂತೆ ಇದಕ್ಕೂ 42 ಹಲ್ಲು, ದವಡೆ ಮಾತ್ರ ಅರ್ಧ. ಒಂದರ ಮೇಲೊಂದು ಹತ್ತಿ ಕೊಳೆ ಸಿಕ್ಕಿಕೊಳ್ಳುತ್ತದೆ. ಬಾಲದ ಸುರುಳಿಗೆ ಕಾರಣವಾದ ಡೊಂಕು ಮಣಿಗಳು ಕೆಲವಕ್ಕೆ ಬೆನ್ನಲ್ಲೂ ಇರುತ್ತವೆ. ಹಿಂಗಾಲು ಎಳೆದುಕೊಂಡು ನಡೆದರೆ ಉಳುಕು ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡ, ಎಕ್ಸ್‌ರೇ ತೆಗೆಸು.

ಇನ್ನೊಂದು ವಿಷಯ ನಿನ್ನ ಗೆಳೆಯರು ಕಿವಿಯಲ್ಲಿ ಊದಿರಬಹುದು: ಹೆಣ್ಣು ತಾ, ಮರಿ ಹಾಕಿಸು, ಮಾರು, ಕೊಟ್ಟ ದುಡ್ಡು ಹುಟ್ಟುತ್ತದೆ. ಆ ಮಾತಿಗೆ ಕಿವಿ ಕೊಡಬೇಡ. ದೊಡ್ಡ ದುಂಡು ತಲೆಯ ಮರಿ, ತಾಯಿಯದು ಕಿರಿದು ಸೊಂಟ. ಹೆರಿಗೆ ನಡುವೆ ನಿಂತುಬಿಡುತ್ತದೆ. ಬುಲ್‌ಡಾಗುಗಳಲ್ಲಂತೂ ಬಹುಪಾಲು ಸಿಸೇರಿಯನ್ನೇ. ನಡುರಾತ್ರಿಯಲ್ಲಿ ನಿನ್ನ ಪಗ್ಗಿಗೆ ನೋವು ಶುರುವಾಗಿ ಮರಿ ಸಿಕ್ಕಿಕೊಂಡರೆ ಮಸರಕಲ್ಲಿನಲ್ಲಿ ಯಾರ ಬಾಗಿಲು ಬಡಿಯುತ್ತೀ? 1962ಕ್ಕೆ ಫೋನ್ ಮಾಡಿದರೆ ಪಶುಗಳ ವ್ಯಾನು ಬರುತ್ತದೆ, ಅದರ ಉಪಕಾರ ದೊಡ್ಡದು. ಆದರೆ ನಾಯಿಯ ಹೊಟ್ಟೆ ಕೊಯ್ಯುವ ಕೋಣೆ ಆ ವ್ಯಾನಿನಲ್ಲಿಲ್ಲ. ವಯಸ್ಸು ನೋಡಿ ಸಂತಾನಹರಣ ಮಾಡಿಸು, ನಿಶ್ಚಿಂತೆಯಾಗಿರು.

ಮರಿ ಮಾರುವವನ ಬಗ್ಗೆಯೂ ಕಣ್ಣಿರಲಿ. 2017ರ ನಿಯಮದ ಪ್ರಕಾರ ತಳಿ ಮಾಡಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, 8 ವಾರ ತುಂಬದ ಮರಿಯನ್ನು ಮಾರಕೂಡದು. ನೋಂದಣಿ ಪತ್ರ ಕೇಳು. ತಾಯಿಯನ್ನು ತೋರಿಸು ಅನ್ನು. "ತಾಯಿ ಊರಲ್ಲದ, ನಾ ಬಸ್ಸಿಗೆ ಇಟ್ಟು ಕಳಿಸ್ತೀನಿ" ಅಂದವನ ಹತ್ತಿರ ವ್ಯವಹಾರ ಬೇಡ. ಬುಟ್ಟಿಯಲ್ಲಿ ತುಂಬಿ ಬಸ್ಸಿನ ಡಿಕ್ಕಿಯಲ್ಲಿ ಕಳಿಸುವ ಮೊಂಡುಮೂತಿ ಮರಿ ಜೀವಂತ ಬಂದರೆ ಅದರ ಪುಣ್ಯ. ತಾಯಿ ಸಿಕ್ಕರೆ ಅದರ ಉಸಿರು ಕೇಳು, ಹೊಳ್ಳೆ ನೋಡು. ತಾಯಿ ಕುಂತಲ್ಲೇ ಗೊರಗುಟ್ಟುತ್ತಿದ್ದರೆ ಮರಿ ನಾಳೆ ಹಾಗೇ ಆಗುತ್ತದೆ.

ಇಷ್ಟೆಲ್ಲ ಹೇಳಿ, ಹಾಗಾದರೆ ಯಾವ ನಾಯಿ ತರಲಿ ಅಂತ ನೀನು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಮುಧೋಳ ನಾಯಿ ಹೆಸರು ನಿನ್ನ ನಾಲಿಗೆಯ ತುದಿಯಲ್ಲಿದೆ. ನಮ್ಮ ನಾಡಿನ ಹೆಮ್ಮೆ ಅದು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, ಸೇನೆಯವರು ಮೀರತ್ತಿನಲ್ಲಿ ತರಬೇತಿ ಕೊಟ್ಟರು, ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಉದ್ದ ಮೂತಿ, ಆಳ ಎದೆ, ತೆಳು ಕೂದಲು; ನಮ್ಮ ಬಿಸಿಲಿಗೆ ಒಗ್ಗಿದ ಮೈ. ಆದರೆ ಅದಕ್ಕೆ ಓಡಲಿಕ್ಕೆ ಹೊಲ ಬೇಕು. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಕಟ್ಟಿಹಾಕುವುದಾದರೆ ಅದೂ ಹಿಂಸೆಯೇ. ನನ್ನ ಮನಸ್ಸಿನ ಮಾತು ಬೇರೆ. ದೀಪಾವಳಿ ಹೊತ್ತಿಗೆ ನಮ್ಮ ಓಣಿಯ ಕೆಂದು ನಾಯಿ ಮರಿ ಹಾಕುತ್ತದೆ. ಅದರಲ್ಲೊಂದು ಎತ್ತಿಕೋ. ಹುಚ್ಚುನಾಯಿ ರೋಗದ ಲಸಿಕೆ, ಪಾರ್ವೊ, ಡಿಸ್ಟೆಂಪರ್ ಲಸಿಕೆ ಹಾಕಿಸು, ಜಂತಿನ ಔಷಧಿ ಕೊಡು, ಉಣ್ಣಿ ಆರಿಸು. ಮೂತಿ ಉದ್ದ, ಉಸಿರು ಸಲೀಸು, ಬಾಣಂತನ ಅದೇ ಮಾಡಿಕೊಳ್ಳುತ್ತದೆ. ಫೋಟೊಗೆ ಚಂದ ಇಲ್ಲ ಅನ್ನುತ್ತೀ. ಆರು ತಿಂಗಳು ಸಾಕು, ಆಮೇಲೆ ಅದಕ್ಕಿಂತ ಚಂದದ್ದು ನಿನ್ನ ಕಣ್ಣಿಗೆ ಬೀಳುವುದಿಲ್ಲ.

ಪಗ್ಗೇ ಇರುವ ನಿನ್ನ ಗೆಳೆಯನಿಗೆ ಇದನ್ನು ಓದಿ ಹೇಳು. ಬೇಸಿಗೆ ರಜೆಗೆ ಊರಿಗೆ ಬರುವಾಗ ಅದನ್ನೂ ಕರೆತರುತ್ತಾನಂತೆ. ಆದರೆ ಬೆಂಗಳೂರಲ್ಲೇ ಯಾರ ಹತ್ತಿರವಾದರೂ ಬಿಟ್ಟು ಬರಲಿ. ವಿಮಾನದ ಯೋಚನೆ ಇದ್ದರೆ ಮೊದಲೇ ಕೇಳಿಕೊಳ್ಳಲಿ, ಬಹಳ ವಿಮಾನ ಕಂಪನಿಗಳು ಮೊಂಡುಮೂತಿಗಳನ್ನು ಸರಕಿನ ಜೊತೆ ಒಯ್ಯುವುದಿಲ್ಲ. ಕರೆತರಲೇಬೇಕು ಅಂದರೆ ಊಟವಾದ ಮೇಲೆ ಎರಡು ಮೂರು ತಾಸು ಬಿಟ್ಟು, ರಾತ್ರಿ ಕಾರಿನಲ್ಲಿ, ಏಸಿ ಹಾಕಿಕೊಂಡು ಹೊರಡಲಿ. ಬೆಳಗಿನ ಬಿಸಿಲು ಏರುವ ಮುಂಚೆ ಊರು ಮುಟ್ಟಲಿ. ದಾರಿಯಲ್ಲಿ ಚಹಾ ಕುಡಿಯಲಿಕ್ಕೆ ಇಳಿದರೆ ಒಬ್ಬರು ಕುಡಿದು ಬರುವ ತನಕ ಇನ್ನೊಬ್ಬರು ನಾಯಿಯ ಜೊತೆ ಕೂರಲಿ. ಬಂದ ಮೇಲೆ ನಮ್ಮ ಮಾಳಿಗೆ ಮನೆಯ ಒಳಕೋಣೆ ಖಾಲಿ ಇದೆ, ಅಲ್ಲೇ ಇಟ್ಟುಕೊಳ್ಳಲಿ.